ಕಣ್ಣು ಕೆಂಪಾದರೆ ಮನೆಯಲ್ಲಿರುವ ಹಳೇ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಕಣ್ಣು ಕೆಂಪಾಗಲು ಒಂದೇ ಕಾರಣ ಇರುವುದಿಲ್ಲ, ಅಲ್ವಾ? ಪಿಸುರು ಬಂದು ರೆಪ್ಪೆ ಅಂಟಿಕೊಂಡು, ದೃಷ್ಟಿ ಮಾತ್ರ ಚೆನ್ನಾಗಿದ್ದರೆ ಸಾಮಾನ್ಯವಾಗಿ ಅದು ಕಂಜಂಕ್ಟಿವೈಟಿಸ್, ಅಂದರೆ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪೊರೆಯ ಉರಿಯೂತ. ವೈರಸ್‌ನದ್ದಾದರೆ ಹೆಚ್ಚಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ.

ನೋವು ಜಾಸ್ತಿ, ಬೆಳಕು ನೋಡಲಾಗುತ್ತಿಲ್ಲ, ಎದುರಿಗಿರುವುದು ಮಂಜಾಗಿದೆ ಅಂದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಅದನ್ನು ತೆಗೆಯಿರಿ.

ಡಾಕ್ಟರ್ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುತ್ತಾರೆ. ಕಣ್ಣಿನೊಳಗಿನ ನೀರಿನಲ್ಲಿ ಬಿಳಿ ರಕ್ತಕಣಗಳು ತೇಲುತ್ತಿದ್ದರೆ ಅದು ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ. ಸೋಂಕಿನಿಂದ ಬಂದಿಲ್ಲದಿದ್ದರೆ ಅದಕ್ಕೆ ಉರಿಯೂತ ಇಳಿಸುವ ಸ್ಟೀರಾಯ್ಡೇ ಮುಖ್ಯ ಔಷಧಿ. ಆದರೆ ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟಾಗ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲೆ ಕವಲೊಡೆದ ಕೊಂಬೆಯಂಥ ಹಸಿರು ಗೆರೆ ಕಂಡರೆ ಅದು ಹರ್ಪಿಸ್ ಎಂಬ ವೈರಸ್‌ನಿಂದಾದ ಹುಣ್ಣು. ಅದೇ ಸ್ಟೀರಾಯ್ಡ್ ಸುಮ್ನೆ ಹಾಕಿದರೆ ಹುಣ್ಣು ಹರಡಿ ದೃಷ್ಟಿಯೇ ಹೋಗಬಹುದು. ಇದಕ್ಕೆ ಬೇಕಿರುವುದು ವೈರಸ್ ವಿರುದ್ಧದ ಔಷಧಿ.