ಮನೆ ಬಳಕೆಗೆ ಕಡಿಮೆ ಬೆಲೆಯಲ್ಲಿ ಒಳ್ಳೆಯ ಬ್ಯಾಟರಿ ಸೆಲ್ ಆರಿಸುವುದು ಹೇಗೆ?

ಸೆಲ್‌ನ ಬೆಲೆಗಿಂತ ಮೊದಲು ಅದನ್ನು ಯಾವ ಉಪಕರಣಕ್ಕೆ ಹಾಕುತ್ತೀರಿ ಎಂಬುದನ್ನು ನೋಡಬೇಕು. ಗೋಡೆ ಗಡಿಯಾರ ಮತ್ತು ಟಿವಿ ರಿಮೋಟ್‌ಗೆ ಬೇಕಾಗುವ ವಿದ್ಯುತ್ ಅತ್ಯಲ್ಪವಾದ್ದರಿಂದ, ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಧಾರಣ ಜಿಂಕ್-ಕಾರ್ಬನ್ ಸೆಲ್ಲೇ ಧಾರಾಳವಾಗಿ ಸಾಕು. ಅವಕ್ಕೆ ದುಬಾರಿ ಸೆಲ್ ಹಾಕುವುದು ನನ್ನ ದೃಷ್ಟಿಯಲ್ಲಿ ದುಂದು. ಆದರೆ ಮೋಟಾರಿರುವ ಆಟಿಕೆ, ರಕ್ತದೊತ್ತಡ ಅಳೆಯುವ ಯಂತ್ರ ಮೊದಲಾದವು ಒಮ್ಮೆಲೇ ಹೆಚ್ಚು ವಿದ್ಯುತ್ ಬೇಡುವುದರಿಂದ ಅಗ್ಗದ ಸೆಲ್ ಅಲ್ಲಿ ಬೇಗ ಸೋಲುತ್ತದೆ. ಬೆಲೆ ಎರಡು ಪಟ್ಟಾದರೂ ಅಲ್ಕಲೈನ್ ಸೆಲ್ಲೇ ಕೊನೆಗೆ ಲಾಭ. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ: ಎಎ ಗಾತ್ರದ ಸೆಲ್ ಮೇಲೆ ‘ಆರ್6’ ಎಂದಿದ್ದರೆ ಜಿಂಕ್-ಕಾರ್ಬನ್, ‘ಎಲ್‌ಆರ್6’ ಎಂದಿದ್ದರೆ ಅಲ್ಕಲೈನ್. ‘ಹೆವಿ ಡ್ಯೂಟಿ’ ಎಂಬ ದಪ್ಪಕ್ಷರಕ್ಕೆ ಮರುಳಾಗಬೇಡಿ, ಅದು ಸಾಮಾನ್ಯವಾಗಿ ಮೊದಲ ಬಗೆಯದೇ. ಪದೇಪದೇ ಸೆಲ್ ಕೊಳ್ಳಬೇಕಾಗುವ, ಮಕ್ಕಳಿರುವ ಮನೆಗೆ 2000 ಎಂಎಎಚ್ (ಸೆಲ್ ಹಿಡಿದಿಡುವ ವಿದ್ಯುತ್ತಿನ ಅಳತೆ) ಆಸುಪಾಸಿನ ನಿಕಲ್-ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್‌ಗಳು ತಕ್ಕವು. ಅವನ್ನು ನೂರಾರು ಸಲ ಚಾರ್ಜ್ ಮಾಡಬಹುದು, ಮತ್ತು ವೋಲ್ಟೇಜ್ 1.5ರ ಬದಲು 1.2 ಇದ್ದರೂ ಹೆಚ್ಚಿನ ಉಪಕರಣಗಳು ಸರಿಯಾಗಿಯೇ ನಡೆಯುತ್ತವೆ. ಯಾವ ಸೆಲ್ಲಾದರೂ ಖಾಲಿಯಾದ ಕೂಡಲೇ ಹೊರತೆಗೆಯಿರಿ, ಇಲ್ಲದಿದ್ದರೆ ರಸ ಸೋರಿ ಒಳಗಿನ ಸ್ಪ್ರಿಂಗ್ ಹಾಳಾಗುತ್ತದೆ.