ಹಾಯಿದೋಣಿಯ ಡೀಸೆಲ್ ಎಂಜಿನ್‌ನ ಟೆಂಪರೇಚರ್ ಗೇಜ್ ಮುಳ್ಳು ಮೇಲೆ ಕೆಳಗೆ ಜಿಗಿಯುತ್ತದೆ. ಏನು ನೋಡಬೇಕು?

ಮೊದಲು ಎಕ್ಸಾಸ್ಟ್‌ನಿಂದ ಎಂಜಿನ್ ತಂಪು ಮಾಡುವ ನೀರು ಎಂದಿನಂತೆ ಬರುತ್ತಿದೆಯಾ ನೋಡಿ. ಕಡಿಮೆಯಾಗಿದ್ದರೆ ಗೇಜನ್ನು ಅನುಮಾನಿಸಬೇಡಿ, ಎಂಜಿನ್ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ (ತಂಪು ನೀರಿನ ಹರಿವು ನಿಯಂತ್ರಿಸುವ ವಾಲ್ವ್) ಹತ್ತಿರ ಹಿಡಿದು ನಿಜವಾದ ಬಿಸಿ ತಿಳಿದುಕೊಳ್ಳಿ.

ಎಂಜಿನ್ ನಿಜಕ್ಕೂ ಬಿಸಿಯಾದರೆ ಮುಳ್ಳು ನಿಧಾನವಾಗಿ ಏರುತ್ತದೆ. ಒಂದೇ ಕ್ಷಣದಲ್ಲಿ ಜಿಗಿದರೆ ಅದು ಹೆಚ್ಚಾಗಿ ವೈರಿಂಗ್ ದೋಷ. ಉಪ್ಪುಗಾಳಿಗೆ ಕನೆಕ್ಟರ್‌ಗಳು ಬೇಗ ಹಸಿರುಗಟ್ಟುತ್ತವೆ, ಅಲ್ವಾ? ಬೇರೆ ಗೇಜ್‌ಗಳೂ ಜೊತೆಗೆ ಕುಣಿಯುತ್ತಿದ್ದರೆ ಪ್ಯಾನೆಲ್‌ನ ಪ್ಲಸ್ ಮತ್ತು ಅರ್ಥ್ ವೈರ್ ನೋಡಿ.

ಇದೊಂದೇ ಗೇಜ್ ಆದರೆ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಸೆಂಡರ್ (ಎಂಜಿನ್ ಬಿಸಿಯನ್ನು ಗೇಜಿಗೆ ತಿಳಿಸುವ ಸೆನ್ಸರ್) ವೈರ್ ಬಿಚ್ಚಿ. ಸಾಮಾನ್ಯ ಒಂದು ವೈರಿನ ಸೆಂಡರ್‌ನಲ್ಲಿ ಮುಳ್ಳು ತಣ್ಣನೆಯ ತುದಿಗೆ ಬೀಳಬೇಕು. ವೈರನ್ನು ಎಂಜಿನ್ನಿನ ಲೋಹದ ಬ್ಲಾಕಿಗೆ ಕ್ಷಣ ಮಾತ್ರ ಮುಟ್ಟಿಸಿದರೆ ಬಿಸಿ ತುದಿಗೆ ಓಡಬೇಕು. ಆ ಕ್ಷಣದಲ್ಲೇ ಹಾರ್ನೆಸ್ (ವೈರುಗಳ ಕಟ್ಟು) ಅಲುಗಾಡಿಸಿ. ಮುಳ್ಳು ನಡುಗಿದರೆ ಸಡಿಲು ಜಾಗ ಅಲ್ಲೇ ಇದೆ. ನಡುಗದಿದ್ದರೆ ಸೆಂಡರ್ ಬದಲಿಸಿ. ಹೊಸದಕ್ಕೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಬೇಡಿ. ಸೆಂಡರಿಗೆ ಅರ್ಥ್ ಸಿಗುವುದೇ ಅದರ ಸ್ಕ್ರೂ ಥ್ರೆಡ್ ಮೂಲಕ.