ಚೆಂಡೆ ಗಲಾಟೆಯಲ್ಲ ಅಂತ ಆ್ಯಪಿಗೆ ಹೇಳಿ

ಪ್ರಶ್ನೆ: ನಮ್ಮದು 22 ಜನರ ಸಣ್ಣ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟ. ಅರ್ಧಕ್ಕರ್ಧ ಮಂದಿ ಈಗ ಬೆಂಗಳೂರು, ಮುಂಬೈ, ದುಬೈಯಲ್ಲಿದ್ದಾರೆ. ಈ ಸಲ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ವಾರಕ್ಕೊಂದು ಕೂಟ ಫೋನಿನಲ್ಲೇ ಮಾಡೋಣ ಎಂದಿದ್ದೇವೆ. ವಾಟ್ಸ್ಯಾಪ್ ಬಿಟ್ಟು ಎಲ್ಲರೂ ಟೆಲಿಗ್ರಾಂಗೆ ಹೋಗೋಣ ಎಂದು ಕೆಲವರು, ಝೂಮಿಗೆ ಹಣ ಕಟ್ಟೋಣ ಎಂದು ಕೆಲವರು. ಯಾವುದು ಒಳ್ಳೆಯದು?
– ಕೂಟದ ಕಾರ್ಯದರ್ಶಿ, ಪೆರ್ಲ

ಉತ್ತರ: ಕಾರ್ಯದರ್ಶಿಗಳೇ, ಆ್ಯಪಿನ ಮಾತು ಆಮೇಲೆ. ಚೆಂಡೆ ಯಾರ ಮನೆಯಲ್ಲಿ, ಪದ ಹಾಡುವ ಭಾಗವತರು ಯಾರ ಮನೆಯಲ್ಲಿ? ಅದನ್ನು ನೀವು ಬರೆದೇ ಇಲ್ಲ.

2020ರ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಗುಂಪೂ ಇದೇ ಹುಮ್ಮಸ್ಸಿನಲ್ಲಿ ಹೊರಟಿತ್ತು. ನನಗೆ ಹಗಲು ಮೊಬೈಲ್ ರಿಪೇರಿ, ರಾತ್ರಿ ಮದ್ದಳೆ; ಹಾಗಾಗಿ ಏರ್ಪಾಡೆಲ್ಲ ನನ್ನ ತಲೆಗೇ ಬಿತ್ತು. ಭಾಗವತರು ಅವರ ಜಗಲಿಯಲ್ಲಿ, ನಾನು ನಮ್ಮ ಚಾವಡಿಯಲ್ಲಿ, ಚೆಂಡೆಯವರು ನೀರ್ಚಾಲಿನಲ್ಲಿ. ಭಾಗವತರು ಪದ ಎತ್ತಿದರು. ಅವರ ಜಾಗಟೆಯ ಪೆಟ್ಟು ನನ್ನ ಕಿವಿಗೆ ಬೀಳುವಾಗ ಅವರು ಮುಂದಕ್ಕೆ ಹೋಗಿ ಆಗಿತ್ತು. ನಾನು ಕೇಳಿದ ಹಾಗೆ ಬಾರಿಸಿದೆ, ಅದು ಅವರಿಗೆ ಇನ್ನೂ ತಡವಾಗಿ ಮುಟ್ಟಿತು. ನನಗೆ ಬೇಕಾಗಿ ಅವರು ನಿಧಾನ ಮಾಡಿದರು, ಅವರಿಗೆ ಬೇಕಾಗಿ ನಾನು. ಎರಡನೇ ಪದ ಮುಗಿಯುವಾಗ ಕಾಳಗದ ಪದ ಜೋಗುಳದ ಹಾಗಾಗಿತ್ತು. ಚೆಂಡೆಯಂತೂ ಕೇಳಿಸಲೇ ಇಲ್ಲ. ಪರದೆಯ ಮೇಲೆ ಕೋಲು ಏಳುತ್ತದೆ, ಬೀಳುತ್ತದೆ, ಸದ್ದಿಲ್ಲ! ಹಿಂದೆ ಯಾರೋ ಮನೆ ರಿಪೇರಿ ಮಾಡುತ್ತಿದ್ದಾರೆ ಎಂದುಕೊಂಡು ಆ ಆ್ಯಪು ಚೆಂಡೆಯನ್ನು ಒರೆಸಿಹಾಕುತ್ತಿತ್ತು.

ತಡವಾಗುವುದಕ್ಕೆ ಮೀಟಿಂಗ್ ಆ್ಯಪುಗಳಲ್ಲಿ ಮದ್ದಿಲ್ಲ. ಸ್ವರ ಎಲ್ಲಿಯದೋ ಸರ್ವರ್ ಕಂಪ್ಯೂಟರಿಗೆ ಹೋಗಿ ತಿರುಗಿ ಬರಬೇಕಲ್ಲ. ಆದ್ದರಿಂದ ಭಾಗವತರು, ಮದ್ದಳೆ, ಚೆಂಡೆ ಎಂದು ಹಿಮ್ಮೇಳದವರೆಲ್ಲ ಒಂದೇ ಮನೆಯಲ್ಲಿ, ಒಂದೇ ಫೋನಿನ ಮುಂದೆ ಕೂತುಕೊಳ್ಳಿ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಎಲ್ಲಿದ್ದರೂ ಆದೀತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುವ ಕಲೆ ಅದು. ಕರ್ಣ ಅರ್ಧ ಸೆಕೆಂಡು ತಡಮಾಡಿ ಉತ್ತರಿಸಿದರೆ ಗಾಂಭೀರ್ಯ ಅಂತಲೇ ಲೆಕ್ಕ. ಪದ ಹೇಳುವಾಗ ಉಳಿದವರೆಲ್ಲ ಮ್ಯೂಟ್.

ಚೆಂಡೆಗೆ ಮಾತ್ರ ಮದ್ದಿದೆ. ಝೂಮಿನಲ್ಲಿ ಸಂಗೀತದವರಿಗೆಂದೇ ‘ಒರಿಜಿನಲ್ ಸೌಂಡ್’ ಎಂಬ ಸೆಟ್ಟಿಂಗ್ ಇದೆ. ಹಿಮ್ಮೇಳದ ಫೋನಿನಲ್ಲಿ ಅದನ್ನು ಆನ್ ಮಾಡಿದರೆ ಸದ್ದನ್ನು ಸೋಸುವುದಿಲ್ಲ. ಫೋನನ್ನು ಭಾಗವತರ ಹತ್ತಿರ, ಚೆಂಡೆಯಿಂದ ದೂರ ಇಡಿ. ಮಣೆಯ ಮೇಲೆ ಬೇಡ, ಚೆಂಡೆಯ ಪೆಟ್ಟಿಗೆ ಮಣೆಯೂ ನಡುಗುತ್ತದೆ. ಬೈರಾಸು (ಟವೆಲ್) ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ. ಇದು ನಾನು ಮೂರು ಕೂಟ ಹಾಳು ಮಾಡಿ ಕಲಿತದ್ದು.

22 ಜನರಿಗೆ ವಾಟ್ಸ್ಯಾಪ್ ಕರೆಯೇ ಸಾಕಿತ್ತು, 32 ಮಂದಿ ಹಿಡಿಯುತ್ತದೆ. ಆದರೆ ದುಬೈಯವರನ್ನು ಮರೆಯಬೇಡಿ. ಅಮೀರತ್ತಿನಲ್ಲಿ (ಯುಎಇ) ವಾಟ್ಸ್ಯಾಪಿನ ಮೆಸೇಜು ಹೋಗುತ್ತದೆ, ಕರೆಗೆ ತಡೆ ಇದೆ. ಮನೆಮನೆಯಲ್ಲೂ ಗಲ್ಫಿನವರಿರುವ ನಮ್ಮ ಕಾಸರಗೋಡಿನಲ್ಲಿ ಇದನ್ನು ಮರೆತು ಆ್ಯಪು ಆರಿಸುವವರೇ ಹೆಚ್ಚು. ಝೂಮ್, ಗೂಗಲ್ ಮೀಟ್ ಅಲ್ಲಿ ನಡೆಯುತ್ತವೆ. ಮೀಟ್ ಉಚಿತದಲ್ಲಿ 60 ನಿಮಿಷ ಕೊಡುತ್ತದೆ, ಝೂಮ್ 40. ಸಮಿತಿ ಸಭೆಗಾದರೆ ಮೀಟ್ ಧಾರಾಳ. ಕೂಟಕ್ಕೆ? ನಮ್ಮ ಶಲ್ಯನಿಗೆ ಪೀಠಿಕೆಗೇ 40 ನಿಮಿಷ ಬೇಕು. ಹಾಗಾಗಿ ಝೂಮಿಗೆ ಆಟಿ ಒಂದು ತಿಂಗಳ ಹಣ ಕಟ್ಟಿ, ಮುಂದಿನ ಸೋಣ ತಿಂಗಳು ಹುಟ್ಟುವ ಮೊದಲು ನಿಲ್ಲಿಸಿ. ವರ್ಷದ ಪ್ಲಾನಿಗೆ ಕೈಹಾಕಬೇಡಿ. ಕಟ್ಟಬೇಕಾದ್ದು ಕೂಟ ನಡೆಸುವ ಒಬ್ಬರು ಮಾತ್ರ, ಉಳಿದ 21 ಮಂದಿಗೆ ಖರ್ಚಿಲ್ಲ. ಖಾತೆಯನ್ನು ಕೂಟದ ಹೆಸರಿನ ಇಮೇಲಿನಲ್ಲಿ ತೆರೆಯಿರಿ. ಕಾರ್ಯದರ್ಶಿ ಬದಲಾದಾಗ ಪಾಸ್‌ವರ್ಡಿಗಾಗಿ ಜಗಳ ಆಗುವುದನ್ನು ಅಂಗಡಿಯಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ.

ಟೆಲಿಗ್ರಾಂ ಗುಂಪಿನಲ್ಲಿ ಎರಡು ಲಕ್ಷ ಜನ ಹಿಡಿಯುತ್ತಾರೆ. ನೀವು 22. ಹಿರಿಯ ಅರ್ಥಧಾರಿಗಳು ವಾಟ್ಸ್ಯಾಪ್ ಕಲಿತದ್ದೇ ಮೊಮ್ಮಕ್ಕಳ ಫೋಟೋ ನೋಡಲಿಕ್ಕೆ, ಅವರನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸಬೇಡಿ. ಶುಭೋದಯದ ಹೂಗಳ ಅಡಿಯಲ್ಲಿ ಸೂಚನೆ ಹೂತುಹೋಗುವುದೇ ನಿಮ್ಮ ತೊಂದರೆಯಾದರೆ, ಅಡ್ಮಿನ್‌ಗಳು ಮಾತ್ರ ಬರೆಯುವ ಎರಡನೇ ಗುಂಪು ಮಾಡಿ. ಅದರಲ್ಲಿ ಪದಗಳ ಪಟ್ಟಿ, ಪಾತ್ರ, ಲಿಂಕ್, ಸಮಯ. ಸಮಯ ಎಂದಾಗ ನೆನಪಾಯಿತು: ಅಮೀರತ್ತಿನಲ್ಲಿ 2022ರಿಂದ ವಾರದ ರಜೆ ಶನಿವಾರ, ಆದಿತ್ಯವಾರ. ಆದಿತ್ಯವಾರ ನಮ್ಮ ಏಳೂವರೆ ಎಂದರೆ ಅಲ್ಲಿ ಆರು ಗಂಟೆ. ಗಾಳಿಮಳೆಗೆ ಕರೆಂಟು ಹೋಗಿ ರೇಂಜ್ ಕೈಕೊಟ್ಟರೆ ಮೊದಲು ಕ್ಯಾಮರಾ ಬಂದ್ ಮಾಡಿ. ತಾಳಮದ್ದಳೆಗೆ ವೇಷವಿಲ್ಲ, ಮುಖ ಕಾಣದಿದ್ದರೂ ನಡೆಯುತ್ತದೆ.

ಪ್ರಶ್ನೆ: ನಾವು ಕುಟುಂಬಶ್ರೀಯವರು (ಕೇರಳದ ಹೆಂಗಸರ ಸ್ವಸಹಾಯ ಸಂಘ). ಗುಂಪಿಗೆ ಸೇರಿದರೆ ಎಲ್ಲರಿಗೂ ನಂಬರ್ ಕಾಣುತ್ತದೆಂದು ಕೆಲವು ಹುಡುಗಿಯರು ಸೇರುವುದೇ ಇಲ್ಲ. ಏನು ಮಾಡುವುದು?
– ಓದುಗರು, ಮುಳ್ಳೇರಿಯ

ಉತ್ತರ: ಹೆದರಿಕೆ ಸರಿಯೇ ಇದೆ ಅಕ್ಕಾ, ಅವರನ್ನು ಒತ್ತಾಯ ಮಾಡಬೇಡಿ. ವಾಟ್ಸ್ಯಾಪಿನಲ್ಲಿ ಗುಂಪಿನ ಬದಲು ‘ಕಮ್ಯುನಿಟಿ’ ತೆರೆಯಿರಿ. ಅದರ ಪ್ರಕಟಣೆಯ ವಿಭಾಗದಲ್ಲಿ ಸದಸ್ಯರ ನಂಬರ್ ಕಾಣುವುದು ಅಡ್ಮಿನ್‌ಗಳಿಗೆ ಮತ್ತು ಮೊದಲೇ ಅದನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ. ಅದರೊಳಗಿನ ಬೇರೆ ಗುಂಪುಗಳಿಗೆ ಸೇರಿದರೆ ಅಲ್ಲಿ ಕಾಣುತ್ತದೆ, ಅದನ್ನು ಮೊದಲೇ ಹೇಳಿಬಿಡಿ. ಅಡ್ಮಿನ್ ಯಾರಾಗಬೇಕೆಂದು ಆ ಹುಡುಗಿಯರನ್ನೇ ಕೇಳಿ.